ಘಟ್ಟದ ಮೇಲೂ ಕೆಳಗೂ ಒಂದೇ ಸರದಿ: ಎರಡು ಲ್ಯಾಬುಗಳ ಗ್ರಿಡ್ ನಡೆಸುವ ಕ್ರಮ

ಕಾರವಾರದ ಒಂದು ಕಾಲೇಜಿನಲ್ಲಿ ನಲವತ್ತು ಕಂಪ್ಯೂಟರುಗಳು, ಶಿರಸಿಯ ಇನ್ನೊಂದರಲ್ಲಿ ಮೂವತ್ತು ಇವೆ ಎಂದು ಭಾವಿಸೋಣ. ಸಂಜೆ ಲ್ಯಾಬಿನ ಬಾಗಿಲು ಹಾಕಿದ ಮೇಲೆ ಇವೆಲ್ಲ ಬೆಳಗಿನವರೆಗೆ ಸುಮ್ಮನಿರುತ್ತವೆ. ಇವನ್ನು ಸೇರಿಸಿ ಗ್ರಿಡ್ ಮಾಡಲು, ಅಂದರೆ ಲೆಕ್ಕಾಚಾರದ ಕೆಲಸಗಳನ್ನು ಹಲವು ಯಂತ್ರಗಳಿಗೆ ಹಂಚಿ ನಡೆಸುವ ಜಾಲ ಕಟ್ಟಲು, ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಕಾಂಡರ್ ಎಂಬ ಹೆಸರಿನಿಂದ ಬಳಕೆಗೆ ಬಂದ ಎಚ್‌ಟಿಕಾಂಡರ್ ತಂತ್ರಾಂಶವು ಉಚಿತವಾಗಿ ಸಿಗುತ್ತದೆ. ಆದರೆ ಅದನ್ನು ಸ್ಥಾಪಿಸುವ ಮೊದಲು ಯಾವ ಯಂತ್ರ ಯಾರದು, ಯಾವ ಹೊತ್ತಿನಲ್ಲಿ ಹೊರಗಿನವರಿಗೆ ತೆರೆದಿರುತ್ತದೆ, ಪರೀಕ್ಷೆಯ ದಿನಗಳಲ್ಲಿ ಏನು ಮಾಡಬೇಕು ಎಂಬುದನ್ನು ಎರಡೂ ಕಡೆಯವರು ಕುಳಿತು ಒಂದು ಪುಟದಲ್ಲಿ ಬರೆದುಕೊಳ್ಳಬೇಕು. ಈ ಒಪ್ಪಂದವಿಲ್ಲದ ಗ್ರಿಡ್ ಮೊದಲ ಸೆಮಿಸ್ಟರನ್ನೂ ದಾಟಲಾರದು.

ಎರಡೂ ಊರುಗಳನ್ನು ಒಂದೇ ಕೇಂದ್ರ ಯಂತ್ರದ ಅಡಿಯಲ್ಲಿ ತರುವುದು ಸುಲಭವೆಂದು ಕಾಣುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ದಾರಿಯಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಕೇಂದ್ರವಿಲ್ಲದ ಊರಿನಲ್ಲಿ ಹೊಸ ಕೆಲಸ ಹಂಚುವವರೇ ಇಲ್ಲವಾಗುತ್ತದೆ. ಆದ್ದರಿಂದ ಪ್ರತಿ ಊರಿಗೂ ಪ್ರತ್ಯೇಕ ಪೂಲ್, ಅಂದರೆ ತನ್ನದೇ ಕೇಂದ್ರವಿರುವ ಯಂತ್ರಗಳ ಗುಂಪು, ಇರಲಿ. ತನ್ನಲ್ಲಿ ಜಾಗ ಸಾಲದಿದ್ದಾಗ ಮಾತ್ರ ಕೆಲಸವು ಆಚೆಗೆ ಹೋಗುವಂತೆ ಫ್ಲಾಕಿಂಗ್ ವ್ಯವಸ್ಥೆ ಮಾಡಬೇಕು. ಕೆಲಸ ನಡೆಯುತ್ತಿರುವಾಗಲೇ ಸಂಪರ್ಕ ಕಡಿದರೂ ಅದು ತಕ್ಷಣ ಸಾಯುವುದಿಲ್ಲ: ಜಾಬ್ ಲೀಸ್ ಎಂಬ ಅವಧಿಯೊಳಗೆ ಸಂಪರ್ಕ ಮರಳಿದರೆ ಬಿಟ್ಟಲ್ಲಿಂದಲೇ ಜೋಡಿಕೊಳ್ಳುತ್ತದೆ. ಈ ಅವಧಿ ಸಾಮಾನ್ಯವಾಗಿ 2400 ಸೆಕೆಂಡು, ಅಂದರೆ 40 ನಿಮಿಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಗೆ ಅದು ಏನೇನೂ ಸಾಲದು. ಕೆಲಸ ಸಲ್ಲಿಸುವ ಕಡತದಲ್ಲೇ ಅದನ್ನು ಆರು ಗಂಟೆಗೆ ಏರಿಸಿಕೊಳ್ಳುವುದು ಒಳ್ಳೆಯದು.

ಲ್ಯಾಬಿನ ಯಂತ್ರಗಳಿಗೆ ಡೆಸ್ಕ್‌ಟಾಪ್ ನೀತಿಯನ್ನು ಹಾಕಿ. ಕೀಬೋರ್ಡನ್ನು 15 ನಿಮಿಷ ಯಾರೂ ಮುಟ್ಟದಿದ್ದರೆ ಮಾತ್ರ ಗ್ರಿಡ್ಡಿನ ಕೆಲಸ ಅಲ್ಲಿ ಶುರುವಾಗುತ್ತದೆ. ವಿದ್ಯಾರ್ಥಿ ಬಂದು ಕುಳಿತರೆ ಅದು ಮೊದಲು ತಡೆದು ನಿಲ್ಲುತ್ತದೆ, ಆತ ಏಳದಿದ್ದರೆ ಜಾಗ ಖಾಲಿ ಮಾಡುತ್ತದೆ. ಹೀಗೆ ಎಬ್ಬಿಸಲ್ಪಟ್ಟ ಕೆಲಸ ಸೊನ್ನೆಯಿಂದ ಆರಂಭವಾಗಬಾರದೆಂದರೆ ಪ್ರೋಗ್ರಾಮೇ ಆಗಾಗ ತನ್ನ ಸ್ಥಿತಿಯನ್ನು ಕಡತಕ್ಕೆ ಉಳಿಸುವಂತೆ ಬರೆದಿರಬೇಕು.

ಇನ್ನು ಸರದಿಯ ವಿಷಯ. ಅಡಿಕೆ ಸುಗ್ಗಿಯಲ್ಲಿ ಮರ ಹತ್ತಿ ಕೊನೆ ಕೊಯ್ಯುವ ಒಬ್ಬ ಕೊನೆಗೌಡನಿಗಾಗಿ ಹತ್ತು ತೋಟದವರು ಕಾಯುವುದನ್ನು ಶಿರಸಿ ಸೀಮೆಯವರು ಬಲ್ಲರು. ಮೊದಲು ಹೇಳಿದವರಿಗೇ ಮೊದಲು ಎಂದರೆ ದೊಡ್ಡ ತೋಟದವರೊಬ್ಬರೇ ವಾರವಿಡೀ ಅವನನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಎಚ್‌ಟಿಕಾಂಡರ್ ಆ ದಾರಿಯನ್ನು ಹಿಡಿಯದೆ, ಇತ್ತೀಚೆಗೆ ಹೆಚ್ಚು ಬಳಸಿದವರನ್ನು ಹಿಂದಕ್ಕೂ ಕಡಿಮೆ ಬಳಸಿದವರನ್ನು ಮುಂದಕ್ಕೂ ಸರಿಸುತ್ತದೆ. ಹಳೆಯ ಬಳಕೆಯ ಲೆಕ್ಕ ದಿನಕ್ಕೆ ಅರ್ಧದಂತೆ ಕರಗುತ್ತ ಹೋಗುತ್ತದೆ. ನಮ್ಮಂಥ ಚಿಕ್ಕ ಗ್ರಿಡ್ಡಿಗೆ ಈ ಅರ್ಧಾಯುಷ್ಯವನ್ನು ಒಂದು ವಾರಕ್ಕೆ, ಅಂದರೆ 604800 ಸೆಕೆಂಡಿಗೆ, ಹೆಚ್ಚಿಸಬೇಕೆಂಬುದು ನನ್ನ ಸಲಹೆ. ಇಲ್ಲವಾದರೆ ಶನಿವಾರ, ಭಾನುವಾರ ಎಲ್ಲ ಯಂತ್ರಗಳನ್ನೂ ಬಾಚಿಕೊಂಡವರು ಬುಧವಾರದ ಹೊತ್ತಿಗೆ ಹೆಚ್ಚುಕಡಿಮೆ ಉಳಿದವರ ಸಮಕ್ಕೆ ಬಂದು ನಿಲ್ಲುತ್ತಾರೆ.

ಹಲವು ಯಂತ್ರಗಳನ್ನು ಏಕಕಾಲಕ್ಕೆ ಬೇಡುವ ಕೆಲಸಗಳಿದ್ದರೆ ಒಟ್ಟಿಗೆ ಜೋಡಿಸಿದ ಯಂತ್ರಗಳ ಒಂದು ಪ್ರತ್ಯೇಕ ಕ್ಲಸ್ಟರಿನಲ್ಲಿ ಸ್ಲರ್ಮ್ ಎಂಬ, ಕೆಲಸ ಹಂಚುವ ಇನ್ನೊಂದು ತಂತ್ರಾಂಶವನ್ನು ಬಳಸಬಹುದು. ದೊಡ್ಡ ತೋಟದ ಕೊಯ್ಲು ನಾಳೆಗೆ ನಿಗದಿಯಾಗಿದ್ದರೆ ಇಂದಿನ ಅರ್ಧ ದಿನದಲ್ಲಿ ಚಿಕ್ಕ ತೋಟವೊಂದನ್ನು ಮುಗಿಸುವಂತೆ, ಅದರ ಬ್ಯಾಕ್‌ಫಿಲ್ ಪದ್ಧತಿಯು ದೊಡ್ಡ ಕೆಲಸದ ಆರಂಭವನ್ನು ತಡಮಾಡದೆ ಸಣ್ಣ ಕೆಲಸಗಳನ್ನು ನಡುವಿನ ತೆರಪಿನಲ್ಲಿ ತುಂಬುತ್ತದೆ. ಇದಕ್ಕೆ ಪ್ರತಿಯೊಬ್ಬರೂ ತಮ್ಮ ಕೆಲಸದ ಸಮಯಮಿತಿಯನ್ನು ಸರಿಯಾಗಿ ಬರೆಯಬೇಕು. ಎರಡು ಗಂಟೆಯ ಕೆಲಸಕ್ಕೆ ಎರಡು ದಿನ ಎಂದು ಬರೆದರೆ ಆ ತೆರಪಿನಲ್ಲಿ ಅದು ಹಿಡಿಸುವುದಿಲ್ಲ.

ಕೆಲಸವೊಂದು ಬಹಳ ಹೊತ್ತು ಸರದಿಯಲ್ಲೇ ಉಳಿದರೆ ಗ್ರಿಡ್ಡನ್ನು ದೂರುವ ಮುನ್ನ ‘ಕಾಂಡರ್ ಕ್ಯೂ’ ಆದೇಶವನ್ನು ‘ಬೆಟರ್ ಅನಲೈಜ್’ ಆಯ್ಕೆಯೊಂದಿಗೆ ಕೊಟ್ಟು ನೋಡಿ. ನೀವು ಕೇಳಿದ ಯಾವ ಷರತ್ತಿಗೆ ಎಷ್ಟು ಯಂತ್ರಗಳು ಹೊಂದುತ್ತವೆ ಎಂಬುದನ್ನು ಅದು ತೋರಿಸುತ್ತದೆ. ಇರುವ ಯಂತ್ರಗಳೆಲ್ಲ 8 ಜಿಬಿ ಮೆಮೊರಿಯವಾಗಿರುವಾಗ ಕೆಲಸವು 16 ಜಿಬಿ ಕೇಳಿದ್ದರೆ ಆ ಸಾಲಿನ ಮುಂದೆ ಸೊನ್ನೆ ಕಾಣುತ್ತದೆ; ಕೆಲಸವನ್ನು ತೆಗೆದು, ಕೋರಿಕೆಯನ್ನು ತಿದ್ದಿ, ಮತ್ತೆ ಸಲ್ಲಿಸಬೇಕು.