ಕಂಪ್ಯೂಟರ್‌ನಿಂದ ಸ್ಟೆಪರ್ ಡ್ರೈವರ್‌ವರೆಗೆ: ವೈರಿಂಗ್ ದೋಷ ಹುಡುಕಿದ ನನ್ನ ಅನುಭವ

ಮರದ ಕೆಲಸಕ್ಕೆ ಬಳಸುವ ನನ್ನ ಚಿಕ್ಕ ಸಿಎನ್‌ಸಿ ರೌಟರ್‌ಗೆ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಹಳೆಯ ಕಂಪ್ಯೂಟರ್ ತೆಗೆದು ಹೊಸದನ್ನು ಜೋಡಿಸಿದ ಮೇಲೆ ಸ್ಟೆಪರ್ ಮೋಟಾರ್‌ಗಳು (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್‌ಗಳು) ತಿರುಗುವುದನ್ನೇ ನಿಲ್ಲಿಸಿದವು. ಹೊಸ ಮದರ್‌ಬೋರ್ಡ್‌ನಲ್ಲಿ ಮೋಟಾರ್ ನಡೆಸುವ ಡ್ರೈವರ್‌ಗಳಿಗೆ ಸಿಗ್ನಲ್ ಕಳಿಸುವ ಪ್ಯಾರಲಲ್ ಪೋರ್ಟ್ ಇರದ ಕಾರಣ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡೊಂದನ್ನು ಹಾಕಿ, ಯಂತ್ರ ನಡೆಸುವ ತಂತ್ರಾಂಶವಾದ ಲಿನಕ್ಸ್‌ಸಿಎನ್‌ಸಿಯಲ್ಲಿ ಅದರ ವಿಳಾಸವನ್ನೂ ಕೊಟ್ಟಿದ್ದೆ. ವಿದ್ಯುತ್ ಕೊಟ್ಟೊಡನೆ ಶಾಫ್ಟ್ ಕೈಗೆ ಜಗ್ಗದಷ್ಟು ಬಿಗಿಯಾಗುತ್ತಿತ್ತು. ಮೋಟಾರ್ ಅನ್ನು ಕೈಯಾರೆ ಓಡಿಸುವ ಜಾಗ್ ಕೀ ಒತ್ತಿದರೆ ಮಾತ್ರ ಆಗೊಮ್ಮೆ ಈಗೊಮ್ಮೆ ಅದುರಿ ಸುಮ್ಮನಾಗುತ್ತಿತ್ತು.

ಶಾಫ್ಟ್ ಬಿಗಿಯಾಗುತ್ತದೆಯೆಂದರೆ ಸುರುಳಿಗಳಲ್ಲಿ ಕರೆಂಟ್ ಹರಿಯುತ್ತಿದೆ, ಪವರ್ ಸಪ್ಲೈ ಮತ್ತು ಎನೇಬಲ್ (ಡ್ರೈವರ್‌ಗೆ ಚಾಲನೆಯ ಅನುಮತಿ ಕೊಡುವ ಸಿಗ್ನಲ್) ಎರಡೂ ಸರಿಯಿವೆ. ಆದ್ದರಿಂದ ಮೋಟಾರ್ ಕಡೆಯ ತಂತಿಗಳನ್ನು ಮುಟ್ಟಲಿಲ್ಲ. (ಡ್ರೈವರ್‌ಗೆ ವಿದ್ಯುತ್ ಇರುವಾಗ ಆ ತಂತಿಗಳನ್ನು ಕಿತ್ತರೆ ಡ್ರೈವರೇ ಸುಟ್ಟುಹೋಗಬಹುದು.) ಹುಡುಕಬೇಕಾದದ್ದು ಕಂಪ್ಯೂಟರ್ ಮತ್ತು ಡ್ರೈವರ್ ನಡುವಿನ ದಾರಿಯಲ್ಲಿ.

ಅಲ್ಲಿ ಪ್ರತಿ ಹೆಜ್ಜೆಗೂ ಒಂದು ಪಲ್ಸ್ (ಕ್ಷಣಿಕ ವಿದ್ಯುತ್ ಮಿಡಿತ) ಒಯ್ಯುವ ಸ್ಟೆಪ್ ತಂತಿಯಿಂದ ಆರಂಭಿಸುವುದು ವ್ಯರ್ಥ ಶ್ರಮವೆಂದು ನನ್ನ ಅಭಿಪ್ರಾಯ. ಕೆಲವೇ ಮೈಕ್ರೋಸೆಕೆಂಡ್ ಉಳಿಯುವ ಪಲ್ಸ್ ಅನ್ನು ಸಾಮಾನ್ಯ ಮಲ್ಟಿಮೀಟರ್ ಹಿಡಿಯಲಾರದು. ದಿಕ್ಕನ್ನು ತಿಳಿಸುವ ಡೈರೆಕ್ಷನ್ ತಂತಿ ಹಾಗಲ್ಲ. ಒಂದು ದಿಕ್ಕಿಗೆ ಜಾಗ್ ಮಾಡಿ ಬಿಟ್ಟರೆ ಅದರ ವೋಲ್ಟೇಜ್ ಅಲ್ಲಿಯೇ ನಿಲ್ಲುತ್ತದೆ. ನನ್ನ ಡ್ರೈವರ್‌ಗಳಲ್ಲಿ ಪಲ್ಸ್ (ಅಂದರೆ ಸ್ಟೆಪ್) ಪ್ಲಸ್ ಮತ್ತು ಡೈರೆಕ್ಷನ್ ಪ್ಲಸ್‌ಗೆ 5 ವೋಲ್ಟ್ ಕೊಟ್ಟು, ಮೈನಸ್‌ಗಳನ್ನು ಪೋರ್ಟ್‌ನ ಪಿನ್‌ಗಳಿಗೆ ಜೋಡಿಸಲಾಗಿತ್ತು. ಡೈರೆಕ್ಷನ್‌ನ ಪ್ಲಸ್ ಮೈನಸ್‌ಗಳ ನಡುವೆ ಮೀಟರ್ ಇಟ್ಟಾಗ ಒಂದು ದಿಕ್ಕಿಗೆ 5 ವೋಲ್ಟ್‌ನ ಹತ್ತಿರ ಬಂದಿತು. ಇನ್ನೊಂದು ದಿಕ್ಕಿಗೆ ಸೊನ್ನೆ ಬರಬೇಕಾದಲ್ಲಿ 1.7 ವೋಲ್ಟ್ ಉಳಿಯಿತು.

ದೋಷದ ಗುಟ್ಟು ಆ 1.7ರಲ್ಲಿಯೇ ಇತ್ತು. ಹಳೆಯ ಪೋರ್ಟ್ 5 ವೋಲ್ಟ್‌ನದಾಗಿದ್ದರೆ, ಹೊಸ ಕಾರ್ಡ್ ಕೊಡುತ್ತಿದ್ದುದು 3.3 ವೋಲ್ಟ್; 5ರಲ್ಲಿ ಅದನ್ನು ಕಳೆದರೆ ಉಳಿಯುವುದೇ 1.7. ಡ್ರೈವರ್ ಒಳಗಿನ ಆಪ್ಟೋಕಪ್ಲರ್‌ನ (ಸಿಗ್ನಲ್ ಅನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಎಲ್‌ಇಡಿ ಬೆಳಗಲು ಸುಮಾರು 1.2 ವೋಲ್ಟ್ ಸಾಕಾದ್ದರಿಂದ, ಪಿನ್‌ನ ವೋಲ್ಟೇಜ್ ಮೇಲಕ್ಕೆ ಹೋದಾಗಲೂ ಅದು ಪೂರ್ತಿ ಆರದೆ ಮಿಣುಕುತ್ತಲೇ ಇತ್ತು; ಸಿಗ್ನಲ್ ನಿಂತದ್ದು ಡ್ರೈವರ್‌ಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ತಂತಿಗಳೆಲ್ಲ ಗಟ್ಟಿಯಾಗಿದ್ದವು, ತಂತಿ ತುಂಡಾಗಿಲ್ಲವೆಂದು ಬೀಪ್ ಸದ್ದಿನಿಂದ ತಿಳಿಸುವ ಕಂಟಿನ್ಯುಟಿ ಪರೀಕ್ಷೆಯಲ್ಲಿ ಎಲ್ಲವೂ ಪಾಸಾಗುತ್ತಿದ್ದವು. ಬರಿಯ ಬೀಪ್ ಸದ್ದನ್ನು ನಂಬಿದವರಿಗೆ ಈ ದೋಷ ಸಿಗುವುದಿಲ್ಲ. 74ಎಚ್‌ಸಿಟಿ ಸರಣಿಯ ಬಫರ್ (ಸಿಗ್ನಲ್‌ಗೆ ಬಲ ಕೊಡುವ ಚಿಪ್) ಇರುವ ಬ್ರೇಕೌಟ್ ಬೋರ್ಡ್ (ಪೋರ್ಟ್‌ನ ಪಿನ್‌ಗಳನ್ನು ತಂತಿಗಳಿಗೆ ಹಂಚುವ ಫಲಕ) ಒಂದನ್ನು ನಡುವೆ ಹಾಕಿದೆ. ಅದು 2 ವೋಲ್ಟ್ ದಾಟಿದ್ದನ್ನು ಹೈ ಎಂದು ಗ್ರಹಿಸಿ 5 ವೋಲ್ಟ್ ಹೊರಹಾಕುತ್ತದೆ. ಮೀಟರ್ ಸೊನ್ನೆಗಿಳಿಯಿತು, ಮೋಟಾರ್ ತಿರುಗಿತು.

ಆದರೂ ಹಿಂದೆ ಮುಂದೆ ಓಡಿಸಿದ ಮೇಲೆ ಡಯಲ್ ಗೇಜ್‌ನ (ಸ್ಥಾನದ ಸೂಕ್ಷ್ಮ ವ್ಯತ್ಯಾಸ ತೋರಿಸುವ ಅಳತೆ ಸಾಧನ) ಮುಳ್ಳು ಹೊರಟಲ್ಲಿಗೆ ಮರಳುತ್ತಿರಲಿಲ್ಲ. ವೇಗ ತಗ್ಗಿಸಿದರೂ ವ್ಯತ್ಯಾಸ ಕಡಿಮೆಯಾಗದೆ, ದಿಕ್ಕು ಬದಲಾದಷ್ಟೂ ಒಂದೇ ಕಡೆಗೆ ಬೆಳೆಯುತ್ತಿತ್ತು. ಇದು ಬೆಲ್ಟ್ ಜಾರುವ ಲಕ್ಷಣವಲ್ಲ; ಪಲ್ಸ್‌ನ ತಪ್ಪು ಅಂಚಿನಲ್ಲಿ (ಏರುವಲ್ಲಿ ಎಣಿಸಬೇಕಾದ್ದನ್ನು ಇಳಿಯುವಲ್ಲಿ, ಇಲ್ಲವೇ ಅದಲು ಬದಲಾಗಿ) ಡ್ರೈವರ್ ಹೆಜ್ಜೆ ಎಣಿಸುವಾಗ ಹೀಗಾಗುತ್ತದೆ. ಲಿನಕ್ಸ್‌ಸಿಎನ್‌ಸಿಯ ಹೊಂದಿಕೆ ಸಾಧನವಾದ ಸ್ಟೆಪ್‌ಕಾನ್ಫ್‌ನಲ್ಲಿ ಸ್ಟೆಪ್ ಪಿನ್ ಅನ್ನು ಇನ್ವರ್ಟ್ ಮಾಡಿ (ತಿರುವುಮುರುವಾಗಿಸಿ), ಡೈರೆಕ್ಷನ್ ಸೆಟಪ್ ಸಮಯವನ್ನು (ದಿಕ್ಕು ಬದಲಾದ ಮೇಲೆ ಪಲ್ಸ್‌ಗೆ ಮುನ್ನ ಕಾಯುವ ಅವಧಿ) 5000 ನ್ಯಾನೋಸೆಕೆಂಡ್‌ಗಿಂತ ಹೆಚ್ಚಿಸಿದ ಮೇಲೆ ಮುಳ್ಳು ತನ್ನ ಜಾಗಕ್ಕೆ ಮರಳತೊಡಗಿತು. ಕೊನೆಗೆ, ವಿದ್ಯುತ್ ಗದ್ದಲ ತಟ್ಟದಿರಲೆಂದು, ಕೊರೆಯುವ ಮೋಟಾರ್ ಆದ ಸ್ಪಿಂಡಲ್‌ನ ತಂತಿಯಿಂದ ಸಿಗ್ನಲ್ ಕೇಬಲ್‌ಗಳನ್ನು ದೂರ ಸರಿಸಿ, ಅವುಗಳ ಶೀಲ್ಡ್ (ಲೋಹದ ಹೊದಿಕೆ) ಅನ್ನು ಕಂಟ್ರೋಲ್ ಪೆಟ್ಟಿಗೆಯ ಕಡೆ ಮಾತ್ರ ಗ್ರೌಂಡ್‌ಗೆ ಸೇರಿಸಿದೆ.