ಥ್ರಿಯೋನಿನ್ 315 ಮತ್ತು ಒಂದು ತುಂಡು ಮರ

ಮಂಡ್ಯದ ಬಿ.ಎಸ್ಸಿ. ಮಕ್ಕಳಿಗೆ ಡಾಕಿಂಗ್ (ಔಷಧಿಯ ಅಣು ಪ್ರೋಟೀನಿನ ಗೂಡಿನಲ್ಲಿ ಹೇಗೆ ಕೂರುತ್ತದೆ ಅಂತ ಕಂಪ್ಯೂಟರಿನಲ್ಲಿ ಅಂದಾಜಿಸುವುದು) ಕಲಿಸ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರೂ ನಂಬಲಿಲ್ಲ. "ರೆಕಾರ್ಡ್ ಬರೆಸಿ ಸಾರ್, ಸಾಕು" ಅಂದರು. ನಾಲ್ಕನೇ ಬ್ಯಾಚಿಗೆ ಕೈಗೂಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಪಾಠಕ್ಕೆ ಹಿಡಿದದ್ದು ಏಬಲ್ ಕೈನೇಸ್ ಎಂಬ ಪ್ರೋಟೀನು ಮತ್ತು ಅದನ್ನು ತಡೆಯುವ ರಕ್ತದ ಕ್ಯಾನ್ಸರಿನ ಔಷಧಿ ಇಮ್ಯಾಟಿನಿಬ್. ಪಿಡಿಬಿ ಎಂಬ ಪ್ರೋಟೀನ್ ರಚನೆಗಳ ಸಂಗ್ರಹದಲ್ಲಿ ಎರಡೂ ಸೇರಿದ ರಚನೆಯ ಸಂಕೇತ 1ಐಇಪಿ. ಮೊದಲ ವರ್ಷ ಎಂಟು ಹಳೇ ಕಂಪ್ಯೂಟರು, ಒಂದೊಂದು ಹನ್ನೊಂದು ಸಾವಿರದ ಹತ್ತಿರ. ಕರೆಂಟು ಹೋದರೆ ರನ್ ಮೊದಲಿಂದ. ಇಷ್ಟು ಒದ್ದಾಡಿದ ಮೇಲೆ ವೀನಾ ಎಂಬ ಡಾಕಿಂಗ್ ತಂತ್ರಾಂಶ ಮೂಲ ಪ್ರೋಟೀನಿಗೆ ಮೈನಸ್ 12 ಸ್ಕೋರ್ ಕೊಟ್ಟರೆ (ಮೈನಸ್ ಹೆಚ್ಚಿದಷ್ಟೂ ಹಿಡಿತ ಗಟ್ಟಿ), ಟಿ315ಐ ಮ್ಯೂಟೆಂಟಿಗೆ, ಅಂದರೆ 315ನೇ ಜಾಗದ ಥ್ರಿಯೋನಿನ್ ಹೋಗಿ ಐಸೊಲ್ಯೂಸಿನ್ ಬಂದು ಈ ಔಷಧಿಗೆ ಬಗ್ಗದ ರೂಪಕ್ಕೆ, ಮೈನಸ್ 11.6 ಕೊಟ್ಟಿತು. "ಹಾಗಾದ್ರೆ ಔಷಧಿ ಕೆಲಸ ಮಾಡುತ್ತಲ್ವಾ ಸಾರ್?" ಅಂತ ಹುಡುಗಿಯೊಬ್ಬಳು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಎರಡನೇ ವರ್ಷ ಡೈನಮಿಕ್ಸ್ (ಅಣುಗಳ ಚಲನೆಯನ್ನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು) ಮಾಡಿಸೋಣ ಅಂತ ಸ್ವಂತ ದುಡ್ಡಿನಲ್ಲಿ 28 ಸಾವಿರದ ಗ್ರಾಫಿಕ್ಸ್ ಕಾರ್ಡು ತಂದೆ. ಮೂವತ್ತು ಮಕ್ಕಳಿಗೆ ಒಂದೇ ಕಾರ್ಡು. ಆ ದುಡ್ಡು ನೀರಿಗೆ ಹಾಕಿದಂತಾಯಿತು.

ನನ್ನ ತಪ್ಪು ಇದ್ದದ್ದು ಸ್ಕೋರಿನ ಸಂಖ್ಯೆಯನ್ನು ನಂಬಿದ್ದರಲ್ಲಿ. ಹಿಡಿತ ಹತ್ತು ಪಟ್ಟು ಸಡಿಲವಾದರೂ ವ್ಯತ್ಯಾಸ 1.4 ಕಿಲೊಕ್ಯಾಲರಿ ಅಷ್ಟೇ. ವೀನಾದ ಅಂದಾಜಿನ ತಪ್ಪೇ ಸುಮಾರು 2.8.

ಆಮೇಲೆ ಮೈಸೂರಿನಲ್ಲಿ ಬೀಟೆ ಮರಕ್ಕೆ ಇನ್‌ಲೇ ಕೂರಿಸುವ ಒಬ್ಬರ ಬಳಿ ಹೋದೆ. ಏಬಲ್‌ನಲ್ಲಿ ಔಷಧಿ ಕೂರುವ ಗೂಡನ್ನು ಅಗ್ಗದ ಮರದಲ್ಲಿ ಕೊರೆಸಿದೆ, 315ರ ಜಾಗದಲ್ಲಿ ತೆಗೆದು ಹಾಕುವ ಎರಡು ಬಿಲ್ಲೆ. ಎಲ್ಲ ಸೇರಿ ಎರಡೂವರೆ ಸಾವಿರ. ಥ್ರಿಯೋನಿನ್ ಬಿಲ್ಲೆಗೆ ಸಣ್ಣ ಅಯಸ್ಕಾಂತ ಇದೆ, ಅದು ಹೈಡ್ರೋಜನ್ ಬಂಧ. ಐಸೊಲ್ಯೂಸಿನ್ನಿಗೆ ಇಲ್ಲ, ಮೇಲಾಗಿ ಅದು ಮುಂದಕ್ಕೆ ಚಾಚಿದೆ. ಇಮ್ಯಾಟಿನಿಬ್‌ನ ತುಂಡು ಒಳಗೆ ಹೋಗದೇ ತಡೆಯುವುದು ಮಕ್ಕಳ ಬೆರಳಿಗೇ ತಿಳಿಯುತ್ತದೆ. ಆಮೇಲೆ ಊಹೆಯನ್ನು ಹಾಳೆಯಲ್ಲಿ ಬರೆದು ಸಹಿ ಹಾಕಬೇಕು, ಆಮೇಲಷ್ಟೇ ಕಂಪ್ಯೂಟರು. ಅಲ್ಲೂ ಸ್ಕೋರ್ ಮುಚ್ಚಿಟ್ಟು ಔಷಧಿ ಕೂತ ಭಂಗಿ ಮಾತ್ರ ತೋರಿಸುತ್ತೇನೆ. ಐಸೊಲ್ಯೂಸಿನ್ನಿನ ರೋಟಮರ್ (ಅದರ ಪಕ್ಕದ ಸರಪಳಿ ತಿರುಗಿ ನಿಲ್ಲುವ ರೀತಿ) ಯಾವುದು ಆರಿಸುತ್ತೇನೆ, ವೀನಾ ಹುಡುಕಾಡುವ ಬಾಕ್ಸ್ ಎಷ್ಟು ಇಡುತ್ತೇನೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ಈ ಬ್ಯಾಚಿಗೆ ಟಿ315ಐ ಮೇಲೂ ಕೆಲಸ ಮಾಡುವ ಪೊನಾಟಿನಿಬ್ ಔಷಧಿಯ ಚಿತ್ರ ಮಾತ್ರ ಕೊಟ್ಟೆ, ಹೆಸರು ಹೇಳಲಿಲ್ಲ. ಮೂವತ್ತರಲ್ಲಿ ಇಪ್ಪತ್ತೆರಡು ಮಂದಿ "ಈ ತ್ರಿಬಂಧ ತೆಳ್ಳಗಿದೆ, ಐಸೊಲ್ಯೂಸಿನ್ ಪಕ್ಕ ನುಸುಳುತ್ತೆ" ಅಂತ ಬರೆದಿದ್ದರು. 2012ರಲ್ಲಿ ಮಾರುಕಟ್ಟೆಗೆ ಬಂದ ಔಷಧಿಯ ಗುಟ್ಟು ಅದೇ. ನಾನು ಏನೂ ಹೇಳಿಕೊಟ್ಟಿರಲಿಲ್ಲ.

ನಡುವೆ ಕ್ಷಯದ ಐಸೊನಿಯಾಜಿಡ್ ಕೂಡ ಮಾಡಿಸಿ ನೋಡಿದೆ. ಆ ಔಷಧಿ ಗುರಿಯಿಡುವ ಇನ್‌ಹೆಚ್‌ಎ ಎಂಬ ಕಿಣ್ವಕ್ಕೆ ಎಷ್ಟು ಡಾಕ್ ಮಾಡಿದರೂ, ರೋಗಾಣು ಔಷಧಿಗೆ ಬಗ್ಗದಿರುವ ಕಾರಣ ಕಾಣಲಿಲ್ಲ. ಯಾಕಂದರೆ ಆ ಮಾತ್ರೆಯನ್ನು ಚುರುಕುಗೊಳಿಸುವ ಕ್ಯಾಟ್‌ಜಿ ಎಂಬ ಬೇರೆ ಕಿಣ್ವದ 315ರಲ್ಲೇ ಸಾಮಾನ್ಯವಾಗಿ ಬದಲಾವಣೆ ಆಗುತ್ತದೆ. ಅದೂ 315! ಹುಡುಗರು ಈಗ ಆ ಗೂಡನ್ನು ಕೊರೆಸಲು ಅಳತೆ ತೆಗೆಯುತ್ತಿದ್ದಾರೆ.