ಮೊದಲು ಫೋನಿಗೆ ಪಾಠ, ಆಮೇಲೆ ಯಜಮಾನರಿಗೆ

ತಿಪಟೂರಿನಲ್ಲಿ ನನ್ನದೊಂದು ಮೊಬೈಲ್ ಅಂಗಡಿ. ಮಾರಾಟ, ರೀಚಾರ್ಜ್, ರಿಪೇರಿ ಎಲ್ಲವೂ ಒಂದೇ ಕೌಂಟರಿನಲ್ಲಿ. ಎಪಿಎಂಸಿಯಲ್ಲಿ ಕೊಬ್ಬರಿ ಹರಾಜು ಇರುವ ದಿನಗಳಲ್ಲಿ ಸುತ್ತಲ ಹಳ್ಳಿಗಳ ಯಜಮಾನರು ಪೇಟೆಗೆ ಬರುತ್ತಾರೆ, ಹಾಗೇ ನನ್ನ ಅಂಗಡಿಗೂ ಬರುತ್ತಾರೆ. ‘ಕೆಟ್ಟೋಗೈತೆ, ನೋಡಪ್ಪ’ ಎಂದು ಅವರು ಕೌಂಟರ್ ಮೇಲೆ ಇಡುವ ಫೋನುಗಳಲ್ಲಿ ಮುಕ್ಕಾಲು ಪಾಲು ಕೆಟ್ಟಿರುವುದೇ ಇಲ್ಲ. ಕಾಲ್ ಬರುತ್ತಿಲ್ಲ ಅಂದರೆ ಏರೋಪ್ಲೇನ್ ಮೋಡ್ ಆನ್ ಆಗಿರುತ್ತದೆ. ರಿಂಗ್ ಕೇಳುತ್ತಿಲ್ಲ ಅಂದರೆ ಜೇಬಿನಲ್ಲಿ ಒತ್ತಿಕೊಂಡು ವಾಲ್ಯೂಮ್ ಸೊನ್ನೆಗೆ ಇಳಿದಿರುತ್ತದೆ. ಚಾರ್ಜ್ ಏರುತ್ತಿಲ್ಲ ಅಂದರೆ ಚಾರ್ಜಿಂಗ್ ತೂತಿನೊಳಗೆ ಜೇಬಿನ ದೂಳೂ ತೆಂಗಿನ ನಾರಿನ ಚೂರೂ ಗಟ್ಟಿಯಾಗಿ ಕೂತಿರುತ್ತವೆ. ಫೋನ್ ಸ್ವಿಚ್ ಆಫ್ ಮಾಡಿ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ಕೆದಕಿ ತೆಗೆದರೆ ಮುಗಿಯಿತು.

‘ನಮ್ಮಪ್ಪನಿಗೆ ಇದೆಲ್ಲ ತಲೆಗೆ ಹತ್ತಲ್ಲ ಬಿಡಿ’ ಅನ್ನುವ ಮಕ್ಕಳ ಮಾತು ನನಗೆ ಸರಿ ಕಾಣುವುದಿಲ್ಲ. ಅದೇ ಅಪ್ಪ ತೋಟದ ಬೋರ್‌ವೆಲ್ಲಿಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇಟ್ಟುಕೊಂಡಿರುತ್ತಾರೆ. ಮನೆಯ ಜಗಲಿಯಲ್ಲಿ ಕೂತು ಮೋಟರಿಗೆ ಫೋನ್ ಮಾಡುತ್ತಾರೆ. ಮೂರು ಫೇಸೂ ಬಂದಿದೆಯಾ ಇಲ್ಲವಾ ಎಂದು ಅದು ಕನ್ನಡದಲ್ಲಿ ಹೇಳುತ್ತದೆ, ಇವರು ಒಂದು ನಂಬರ್ ಒತ್ತಿ ಮೋಟರ್ ಓಡಿಸುತ್ತಾರೆ. ಅದನ್ನು ಅವರಿಗೆ ಯಾರೂ ವಾರಗಟ್ಟಲೆ ಕೂತು ಕಲಿಸಿದ್ದಲ್ಲ. ಹಾಗಾಗಿ ನಾನು ತಲೆಯನ್ನು ಬಿಟ್ಟು ಬೆರಳನ್ನು, ಕಣ್ಣನ್ನು ನೋಡತೊಡಗಿದೆ. ತೊಂದರೆ ಶುರುವಾಗುವುದೇ ಅಲ್ಲಿ.

ವಯಸ್ಸಾದವರ ಬೆರಳ ತುದಿ ಒಣಗಿರುತ್ತದೆ. ಕಾಯಿ ಸುಲಿದ ಕೈಯಾದರೆ ಇನ್ನೂ ಒರಟು. ಚರ್ಮದಲ್ಲಿ ಸ್ವಲ್ಪ ತೇವ ಇದ್ದರೆ ಸ್ಕ್ರೀನ್ ಚೆನ್ನಾಗಿ ಹಿಡಿಯುತ್ತದೆ, ಒಣ ಬೆರಳು ಮುಟ್ಟಿದ್ದು ಎಷ್ಟೋ ಸಲ ಅದಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತಾಗದಿದ್ದಾಗ ಅಜ್ಜಿ ಏನು ಮಾಡುತ್ತಾರೆ? ಇನ್ನೂ ಗಟ್ಟಿಯಾಗಿ, ಇನ್ನೂ ಹೆಚ್ಚು ಹೊತ್ತು ಒತ್ತುತ್ತಾರೆ. ಹಾಗೆ ಒತ್ತಿ ಹಿಡಿದರೆ ಫೋನಿನ ಲೆಕ್ಕದಲ್ಲಿ ಅದು ಬೇರೆಯೇ ಆಜ್ಞೆ. ವಾಟ್ಸಾಪ್ ತೆರೆಯುವ ಬದಲು ಅದರ ಚಿತ್ರ ಜಾಗ ಬಿಟ್ಟು ಬೆರಳಿಗೆ ಅಂಟಿಕೊಳ್ಳುತ್ತದೆ, ಮೇಲೆ ‘ಅನ್‌ಇನ್‌ಸ್ಟಾಲ್’ ಎಂದು ಬರುತ್ತದೆ. ಗಾಬರಿಯಲ್ಲಿ ಕೈ ಆ ಕಡೆ ಜಾರಿತೋ, ಮಗಳ ಜೊತೆ ಮಾತಾಡುವ ದಾರಿಯೇ ಮಾಯ. ಆಮೇಲೆ ಅವರು ಫೋನನ್ನು ಮುಟ್ಟುವುದಕ್ಕೇ ಹೆದರುತ್ತಾರೆ. ಇದನ್ನೇ ಮನೆಯವರು ‘ಅಮ್ಮನಿಗೆ ಬರಲ್ಲ’ ಅನ್ನುವುದು.

ಇದಕ್ಕೆ ಮದ್ದು ಫೋನಿನಲ್ಲೇ ಇದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎನ್ನುವ ಕಡೆ ‘ಟಚ್ ಅಂಡ್ ಹೋಲ್ಡ್ ಡಿಲೇ’ ಎಂದಿರುತ್ತದೆ. ಅದನ್ನು ಲಾಂಗ್ ಮಾಡಿದರೆ, ನಿಧಾನವಾಗಿ ಒತ್ತಿದರೂ ಫೋನ್ ಅದನ್ನು ಸಾಮಾನ್ಯ ಒತ್ತು ಅಂತಲೇ ತಿಳಿಯುತ್ತದೆ. ಜೊತೆಗೆ ಹೋಮ್ ಸ್ಕ್ರೀನನ್ನು ಲಾಕ್ ಮಾಡುತ್ತೇನೆ, ಚಿತ್ರಗಳು ಜಾಗ ಬಿಟ್ಟು ಅಲ್ಲಾಡದ ಹಾಗೆ. ಕೆಲವು ಕಂಪನಿಯ ಫೋನುಗಳಲ್ಲಿ ಟಚ್ ಸೆನ್ಸಿಟಿವಿಟಿ ಹೆಚ್ಚಿಸುವ ಬಟನ್ನೂ ಇದೆ, ಇದ್ದರೆ ಆನ್. ದಪ್ಪ ಟೆಂಪರ್ಡ್ ಗ್ಲಾಸ್ ಅಂಟಿಸಿದ್ದರೆ ಕಿತ್ತು ತೆಳುವಾದದ್ದು ಹಾಕುತ್ತೇನೆ. ಇಷ್ಟಕ್ಕೇ ಅರ್ಧ ದೂರು ನಿಂತುಹೋಗುತ್ತದೆ.

ಸ್ಕ್ರೀನ್ ಅರ್ಧ ನಿಮಿಷಕ್ಕೆ ಆರಿಹೋಗುವುದು ಇನ್ನೊಂದು ಕಾಟ. ಕನ್ನಡಕ ಹುಡುಕಿ ಮೂಗಿಗೇರಿಸಿ ಓದಲು ಶುರು ಮಾಡುವಷ್ಟರಲ್ಲಿ ಕತ್ತಲು, ಮತ್ತೆ ಲಾಕ್. ಐದು ನಿಮಿಷವೋ ಹತ್ತು ನಿಮಿಷವೋ ಇಟ್ಟುಬಿಡುತ್ತೇನೆ. ಬ್ಯಾಟರಿ ಬೇಗ ಹೋದರೆ ಹೋಗಲಿ, ರಾತ್ರಿ ಚಾರ್ಜಿಗೆ ಹಾಕುವುದು ಇದ್ದೇ ಇದೆ. ಕೆಳಗಿನ ಮೂರು ಬಟನ್ ತೆಗೆದು, ಅಂಚಿನಿಂದ ಬೆರಳು ಎಳೆಯುವ ಕ್ರಮ ಈಗಿನ ಫೋನುಗಳಲ್ಲಿ ಬಂದಿದೆಯಲ್ಲ, ಅದನ್ನು ಮೊದಲು ರದ್ದು ಮಾಡಿ ಹಳೆಯ ಮೂರು ಬಟನ್ ವಾಪಸ್ ತರುತ್ತೇನೆ. ಕಣ್ಣಿಗೆ ಕಾಣದ ಬಟನ್ನನ್ನು ಅಂದಾಜಿನ ಮೇಲೆ ಎಳೆಯಿರಿ ಅಂದರೆ ಯಾರಿಗೆ ತಾನೇ ಆಗುತ್ತದೆ?

ಅಕ್ಷರದ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಮಗ ಊರಿಗೆ ಬಂದಾಗ ಪ್ರೀತಿಯಿಂದ ಅಕ್ಷರವನ್ನು ಕಟ್ಟಕಡೆಯ ಸೈಜಿಗೆ ಏರಿಸಿ ಹೋಗಿರುತ್ತಾನೆ. ಆಗ ಕೆಲವು ಆ್ಯಪ್‌ಗಳಲ್ಲಿ ಒತ್ತಬೇಕಾದ ಬಟನ್ನೇ ಸ್ಕ್ರೀನಿನಿಂದ ಕೆಳಗೆ ಜಾರಿ ಕಾಣದಾಗುತ್ತದೆ. ‘ಮುಂದಕ್ಕೆ ಹೋಗ್ತಾನೇ ಇಲ್ಲ’ ಅಂತ ಅವರು ಹೇಳುವುದು ನಿಜವೇ. ಒಂದೆರಡು ಮೆಟ್ಟಿಲು ಏರಿಸಿ, ಅವರದೇ ಕನ್ನಡಕದಲ್ಲಿ, ಅವರು ಹಿಡಿಯುವಷ್ಟೇ ದೂರದಲ್ಲಿ ಓದಿಸಿ ನೋಡಿ ನಿಲ್ಲಿಸುತ್ತೇನೆ. ಲಾಕ್ ಸ್ಕ್ರೀನ್ ಮೇಲೆ ಬರುವ ಜಾಹೀರಾತು, ಕ್ರೋಮ್‌ನಲ್ಲಿ ಯಾವುದೋ ಸೈಟಿಗೆ ‘ಅಲೋ’ ಒತ್ತಿದ ಮೇಲೆ ಬರುವ ‘ನಿಮ್ಮ ಫೋನಿಗೆ ವೈರಸ್’ ಎಂಬ ಸುಳ್ಳು ನೋಟಿಫಿಕೇಶನ್, ವಾಟ್ಸಾಪ್‌ನಲ್ಲಿ ತಾನೇ ಇಳಿದು ಮೆಮೊರಿ ತುಂಬುವ ಶುಭೋದಯದ ಹೂವು ದೇವರು ಎಲ್ಲವನ್ನೂ ಬಂದ್ ಮಾಡುತ್ತೇನೆ. ಕೊನೆಗೆ ಮೊದಲ ಪುಟದಲ್ಲಿ ಉಳಿಯುವುದು ಫೋನ್, ವಾಟ್ಸಾಪ್, ಕ್ಯಾಮೆರಾ, ಯೂಟ್ಯೂಬ್, ಟಾರ್ಚ್. ಇಷ್ಟಾದ ಮೇಲೇ ಪಾಠ.

ಪಾಠದಲ್ಲಿ ನನ್ನದು ಒಂದೇ ಕಟ್ಟುನಿಟ್ಟು: ಫೋನ್ ಅವರ ಕೈಯಲ್ಲೇ ಇರಬೇಕು. ‘ಕೊಡಿ ಇಲ್ಲಿ’ ಎಂದು ಕಿತ್ತುಕೊಂಡು ಟಕಟಕ ಒತ್ತಿ ‘ನೋಡಿ, ಇಷ್ಟೇ’ ಎಂದು ವಾಪಸ್ ಕೊಡುವುದು ಮೊಮ್ಮಕ್ಕಳ ಪದ್ಧತಿ. ಅದರಲ್ಲಿ ಅವರು ಕಲಿಯುವುದು ಒಂದೇ, ಮುಂದಿನ ಸಲವೂ ಮೊಮ್ಮಗನನ್ನೇ ಕೂಗುವುದು. ನಾನು ಕೌಂಟರಿನ ಈಚೆ ನಿಂತು ಬಾಯಲ್ಲಿ ಮಾತ್ರ ಹೇಳುತ್ತೇನೆ. ಗಿರಾಕಿಗಳು ಕಾಯುತ್ತಿದ್ದಾಗ ಕೈ ತುರಿಸುವುದು ಸುಳ್ಳಲ್ಲ.

ಮೊದಲು ಕಲಿಸುವುದು ಕಾಲ್ ಮಾಡುವುದನ್ನಲ್ಲ, ದಾರಿ ತಪ್ಪುವುದನ್ನು. ‘ಯಜಮಾನ್ರೇ, ಎಲ್ಲಿ ಬೇಕಾದ್ರೂ ಒತ್ತಿ, ಹಾಳಾದ್ರೆ ನನ್ನ ಜವಾಬ್ದಾರಿ’ ಅನ್ನುತ್ತೇನೆ. ಒತ್ತುತ್ತಾರೆ, ಎಲ್ಲೆಲ್ಲಿಗೋ ಹೋಗುತ್ತದೆ. ‘ಈಗ ಕೆಳಗಿನ ಮಧ್ಯದ ಬಟನ್.’ ಮೊದಲ ಪುಟ ಬಂತು. ಮತ್ತೆ ಎಲ್ಲೋ ಹೋಗಿ, ಮತ್ತೆ ಮಧ್ಯದ ಬಟನ್. ನಾಲ್ಕಾರು ಸಲ ಹೀಗೆ ಮಾಡಿದ ಮೇಲೆ ಮುಖದ ಬಿಗಿ ಸಡಿಲವಾಗುತ್ತದೆ. ಎಲ್ಲಿ ಸಿಕ್ಕಿಹಾಕಿಕೊಂಡರೂ ವಾಪಸ್ ಬರುವುದಕ್ಕೆ ಒಂದು ಬಟನ್ ಇದೆ ಎಂದು ಗೊತ್ತಾದವರು ಮಿಕ್ಕಿದ್ದನ್ನು ತಾವೇ ಕಲಿಯುತ್ತಾರೆ.

ಆಮೇಲೆ ಅವರಿಗೆ ಬೇಕಾದ ಒಂದೇ ಒಂದು ಕೆಲಸ. ಹೆಚ್ಚಿನವರಿಗೆ ಅದು ವಿಡಿಯೊ ಕಾಲ್. ಒಬ್ಬರು ಅಜ್ಜಿ ವಿಡಿಯೊ ಕಾಲ್ ಬಂದ ತಕ್ಷಣ ಫೋನನ್ನು ಕಿವಿಗೆ ಹಿಡಿಯುತ್ತಿದ್ದರು. ಬೆಂಗಳೂರಿನ ಮಗಳಿಗೆ ಕಾಣುತ್ತಿದ್ದದ್ದು ಓಲೆ ಮತ್ತು ಬಿಳಿ ಕೂದಲು ಮಾತ್ರ. ‘ಅಮ್ಮಾ, ಮುಖ ತೋರ್ಸು’ ಎಂದು ಆಕೆ ಕೂಗಿದಷ್ಟೂ, ದನಿ ಸರಿಯಾಗಿ ಕೇಳಲಿ ಎಂದು ಇವರು ಕಿವಿಗೆ ಇನ್ನಷ್ಟು ಒತ್ತುವರು. ನಾನು ಏನೂ ಹೇಳಲಿಲ್ಲ. ಫೋನನ್ನು ಮೂವತ್ತು ರೂಪಾಯಿಯ ಪ್ಲಾಸ್ಟಿಕ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ‘ಅಜ್ಜಿ, ಕೈ ಮಡಿಲಲ್ಲಿ ಇಟ್ಕೊಂಡು ಮಾತಾಡಿ’ ಅಂದೆ. ಮಾತು ಮುಗಿದ ಮೇಲೆ ‘ಅವ್ಳು ಸೊರಗವ್ಳೆ’ ಅಂದರು. ಹೋಗುವಾಗ ಸ್ಟ್ಯಾಂಡನ್ನೂ ಕೊಂಡರು.

ಇದಕ್ಕೆಲ್ಲ ಐವತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ. ವಯಸ್ಸಾದವರ ಹತ್ತಿರ ದುಡ್ಡು ಕೇಳ್ತೀಯಾ ಎಂದು ಬೈದವರೂ ಇದ್ದಾರೆ. ಆದರೆ ಪುಕ್ಕಟೆ ಹೇಳಿಸಿಕೊಂಡವರು ಎರಡನೇ ಸಲ ಬರಲು ಸಂಕೋಚಪಡುತ್ತಾರೆ. ಕೊಟ್ಟವರು ‘ಮರ್ತೋಯ್ತು, ಇನ್ನೊಂದ್ಸಲ ಹೇಳು ಮಗ’ ಎಂದು ಹಕ್ಕಿನಿಂದ ಬರುತ್ತಾರೆ. ಎರಡನೇ ಸಲಕ್ಕೆ ಕಾಸಿಲ್ಲ.

ನವೆಂಬರ್ ಬಂದರೆ ನಿವೃತ್ತರ ಸರದಿ. ಪಕ್ಕದ ಅರಸೀಕೆರೆ ರೈಲ್ವೆ ಜಂಕ್ಷನ್ ಆದ್ದರಿಂದ ರೈಲ್ವೆ ಪಿಂಚಣಿದಾರರೂ ಸಿಗುತ್ತಾರೆ. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ತೋರಿಸಬೇಕಲ್ಲ, ಆ ಜೀವನ್ ಪ್ರಮಾಣ್ 2014ರಲ್ಲಿ ಶುರುವಾದಾಗ ಬೆರಳಚ್ಚನ್ನೋ ಕಣ್ಣಿನ ಪಾಪೆಯನ್ನೋ ಓದುವ ಯಂತ್ರ ಬೇಕಿತ್ತು. ಸವೆದ ಬೆರಳು ಬೆರಳಚ್ಚಿನ ಯಂತ್ರದಲ್ಲಿ ಎಷ್ಟು ಒತ್ತಿದರೂ ಬೀಳುತ್ತಿರಲಿಲ್ಲ. 2021ರ ನವೆಂಬರ್‌ನಲ್ಲಿ ಮುಖ ತೋರಿಸಿದರೆ ಸಾಕು ಎಂದಾದ ಮೇಲೆ ಸಾಮಾನ್ಯ ಫೋನಿನಲ್ಲೇ ಆಗುತ್ತದೆ. ಜೀವನ್ ಪ್ರಮಾಣ್ ಆ್ಯಪ್ ಜೊತೆಗೆ ಆಧಾರ್ ಫೇಸ್ ಆರ್‌ಡಿ ಎಂಬ ಮುಖ ಗುರುತಿಸುವ ಆ್ಯಪೂ ಇರಬೇಕು. ಮೊದಲು ಆಪರೇಟರ್, ಅಂದರೆ ಫೋನಿನಲ್ಲಿ ಈ ಕೆಲಸ ಮಾಡುವವರು, ಎಂದು ಒಬ್ಬರ ಮುಖ, ಆಮೇಲೆ ಪಿಂಚಣಿದಾರರ ಮುಖ. ಆಪರೇಟರ್ ಪಿಂಚಣಿದಾರರೇ ಆಗಬಹುದು.

ಮುಖ ಸಿಗದೆ ಒದ್ದಾಡಿಸಿದರೆ ಕಾರಣ ಬೆಳಕು. ಬೆನ್ನ ಹಿಂದೆ ಟ್ಯೂಬ್‌ಲೈಟ್ ಇರಬಾರದು, ಕನ್ನಡಕ ಹೊಳೆಯಬಾರದು. ನಾನು ಅಂಗಡಿಯ ಮುಂದಿನ ಶೀಟಿನ ನೆರಳಿಗೆ ಕರೆದು ರಸ್ತೆಗೆ ಮುಖ ಮಾಡಿಸಿ ನಿಲ್ಲಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಿ ಅನ್ನುತ್ತೇನೆ. ಫಾರ್ಮಿನಲ್ಲಿ ಮತ್ತೆ ಕೆಲಸಕ್ಕೆ ಸೇರಿದ್ದೀರಾ, ಮರುಮದುವೆ ಆಗಿದ್ದೀರಾ ಎಂಬ ಪ್ರಶ್ನೆಗಳಿವೆ. ಕುಟುಂಬ ಪಿಂಚಣಿಯ ಅಜ್ಜಿಯರಿಗೆ ಇದನ್ನು ಓದಿ ಹೇಳಿದಾಗ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. ನಗಲಿ, ಆದರೆ ‘ಇಲ್ಲ’ ಎಂದು ಗುರುತು ಹಾಕಿದ್ದನ್ನು ಎರಡು ಸಲ ನೋಡಿ. ಪಿಂಚಣಿ ಆದೇಶದ (ಪಿಪಿಒ) ನಂಬರ್, ಖಾತೆ ನಂಬರ್ ಕೂಡ ಹಾಗೇ. ಪ್ರಮಾಣ್ ಐಡಿಯ, ಅಂದರೆ ಆ ಪ್ರಮಾಣಪತ್ರದ ನಂಬರಿನ, ಮೆಸೇಜ್ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪಿಂಚಣಿ ಕೊಡುವ ಕಡೆ ಅದನ್ನು ಒಪ್ಪಬೇಕು, ವಿವರ ತಾಳೆಯಾಗದಿದ್ದರೆ ತಿರಸ್ಕರಿಸುತ್ತಾರೆ. ಕೆಲವು ದಿನ ಬಿಟ್ಟು ನೋಡಬೇಕು. ಎಂಬತ್ತು ದಾಟಿದ ಕೇಂದ್ರದ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಹಾಸಿಗೆ ಬಿಟ್ಟು ಏಳಲಾಗದವರ ಮನೆಗೆ ಪೋಸ್ಟ್‌ಮ್ಯಾನ್ ಬಂದು ಮಾಡಿಕೊಡುವ ಸೌಲಭ್ಯವೂ ಇದೆ, ಅದಕ್ಕೆ 70 ರೂಪಾಯಿ.

ಇಲ್ಲೆಲ್ಲ ಅಡ್ಡ ಬರುವುದು ಸಿಮ್. ಆಧಾರ್‌ಗೆ ಕೊಟ್ಟ ನಂಬರ್ ಒಂದು, ಬ್ಯಾಂಕಿಗೆ ಕೊಟ್ಟದ್ದು ಇನ್ನೊಂದು, ಈಗ ಕೈಯಲ್ಲಿರುವುದು ಮಗನ ಹೆಸರಿನ ಮೂರನೆಯದು. ಒಟಿಪಿ ಎಲ್ಲಿಗೋ ಹೋಗುತ್ತಿರುತ್ತದೆ. ರೀಚಾರ್ಜ್ ಇಲ್ಲದೆ ಬಿಟ್ಟ ನಂಬರ್ ಕೊನೆಗೆ ಬೇರೆಯವರ ಪಾಲಾಗುತ್ತದೆ ಕೂಡ. ಆದ್ದರಿಂದ ಹೊಸ ಫೋನ್ ಕೊಡುವ ಮೊದಲೇ ಕೇಳುತ್ತೇನೆ: ‘ಬ್ಯಾಂಕಿನ ಮೆಸೇಜು ಯಾವ ನಂಬರಿಗೆ ಬರ್ತದೆ?’ ಉತ್ತರ ಗೊತ್ತಿಲ್ಲದಿದ್ದರೆ ಮೊದಲು ಬ್ಯಾಂಕು, ಆಧಾರ್ ಕೇಂದ್ರ, ಆಮೇಲೆ ಯುಪಿಐ.

ಯುಪಿಐ ಬೇಕು ಅನ್ನುವವರಿಗೆ ಒಂದು ಷರತ್ತು ಹಾಕುತ್ತೇನೆ. ಕೊಬ್ಬರಿ ದುಡ್ಡೋ ಪಿಂಚಣಿಯೋ ಬೀಳುವ ಖಾತೆಯನ್ನು ಯುಪಿಐಗೆ ಜೋಡಿಸುವುದು ಬೇಡ. ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಖಾತೆ, ಅದರಲ್ಲಿ ತಿಂಗಳ ಖರ್ಚಿನಷ್ಟು ಮಾತ್ರ. ಪಿನ್ ಮರೆಯುತ್ತದೆ ಎಂದು ಫೋನ್ ಕವರಿನೊಳಗೆ ಚೀಟಿ ಇಡುವುದನ್ನು ಬಿಡಿಸುವುದು ನನ್ನಿಂದಂತೂ ಆಗಿಲ್ಲ. ಹಾಗಾಗಿ ಹೋದರೂ ಸ್ವಲ್ಪವೇ ಹೋಗುವಂತೆ ಇಡುವುದೇ ಜಾಣತನ. ಸ್ವಲ್ಪ ದುಡ್ಡನ್ನು ಮೊದಲೇ ತುಂಬಿಟ್ಟುಕೊಳ್ಳುವ ಯುಪಿಐ ಲೈಟ್‌ನಲ್ಲಿ ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಕೊಡಬಹುದು. ಹೂವು, ತರಕಾರಿ, ಔಷಧಿಗೆ ಅಷ್ಟು ಸಾಕು.

ಮೋಸದ ಬಗ್ಗೆ ಉದ್ದ ಭಾಷಣ ಮಾಡಿದರೆ ನೆನಪಿರುವುದಿಲ್ಲ, ಹೆದರಿಕೆ ಮಾತ್ರ ಉಳಿಯುತ್ತದೆ. ದುಡ್ಡು ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೆ ಮಾತ್ರ ಬೇಕು ಎಂಬುದೊಂದನ್ನು ಅವರ ಬಾಯಲ್ಲೇ ಹೇಳಿಸುತ್ತೇನೆ. ವಿಡಿಯೊ ಕಾಲ್‌ನಲ್ಲಿ ಯೂನಿಫಾರ್ಮ್ ಹಾಕಿಕೊಂಡು ಬಂದು ‘ಡಿಜಿಟಲ್ ಅರೆಸ್ಟ್’ ಅನ್ನುವವರದ್ದು ಬರೀ ನಾಟಕ, ಕಾನೂನಿನಲ್ಲಿ ಅಂಥದ್ದೇನೂ ಇಲ್ಲ ಎಂಬುದು ಇನ್ನೊಂದು. ಉಳಿದದ್ದು ಫೋನಿನ ಕೆಲಸ. ವಾಟ್ಸಾಪ್‌ನಲ್ಲಿ ಗೊತ್ತಿಲ್ಲದ ನಂಬರಿನ ಕಾಲ್‌ಗಳನ್ನು ಸೈಲೆನ್ಸ್ ಮಾಡುತ್ತೇನೆ. ಮದುವೆ ಕರೆಯೋಲೆ ಎಂದೋ ಟ್ರಾಫಿಕ್ ದಂಡ ಎಂದೋ ಕಳ್ಳ ಆ್ಯಪ್ ಅಡಗಿರುವ ಎಪಿಕೆ ಫೈಲ್ ಕಳಿಸುತ್ತಾರಲ್ಲ, ಅದು ಒತ್ತಿದರೂ ಇನ್‌ಸ್ಟಾಲ್ ಆಗದ ಹಾಗೆ ವಾಟ್ಸಾಪ್‌ಗೂ ಕ್ರೋಮ್‌ಗೂ ಆ ಅನುಮತಿ ತೆಗೆಯುತ್ತೇನೆ. ಸೈಬರ್ ವಂಚನೆಯ ಸಹಾಯವಾಣಿ 1930 ಅನ್ನು ‘ದುಡ್ಡು ಹೋದ್ರೆ’ ಎಂಬ ಹೆಸರಲ್ಲಿ ಸೇವ್ ಮಾಡಿಕೊಡುತ್ತೇನೆ. ಹೋದ ತಕ್ಷಣ ಕಾಲ್ ಮಾಡಿದರೆ ತಡೆಹಿಡಿಯುವ ಅವಕಾಶ ಹೆಚ್ಚು. ನಾಚಿಕೆಯಿಂದ ಮಕ್ಕಳಿಗೆ ಹೇಳದೆ ಎರಡು ದಿನ ಕಳೆದರೆ ಆ ಅವಕಾಶ ಹೋಗುತ್ತದೆ.

ಇಷ್ಟೆಲ್ಲ ಬೇಡವೇ ಬೇಡ ಅನ್ನುವವರೂ ಬರುತ್ತಾರೆ. ಅವರಿಗೆ ಕೀಪ್ಯಾಡ್ ಫೋನನ್ನೇ ಕೊಡುತ್ತೇನೆ, ಲಾಭ ಕಡಿಮೆಯಾದರೂ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ಯುಪಿಐ 123ಪೇ ಕೀಪ್ಯಾಡ್ ಫೋನಿಗಾಗಿಯೇ ಇರುವುದು, ಇಂಟರ್ನೆಟ್ ಇಲ್ಲದೆಯೂ ಅದರಲ್ಲಿ ದುಡ್ಡು ಕಳಿಸಬಹುದು.

ಮಕ್ಕಳಿಗೆ ನಾನು ಹೇಳುವುದು ವ್ಯಾಪಾರದ ಮಾತೇ. ಅಪ್ಪ ಅಮ್ಮನಿಗೆ ಹೊಸ ಫೋನ್ ಕೊಡಿಸುವುದಾದರೆ ಹಿಂದಿನ ಕಂಪನಿಯದ್ದನ್ನೇ ಕೊಡಿಸಿ, ಅವರ ಕೈ ಪಳಗಿರುವುದು ಅದಕ್ಕೆ. ಆ್ಯಪ್ ಚಿತ್ರಗಳನ್ನು ಹಳೆಯದರಲ್ಲಿ ಎಲ್ಲೆಲ್ಲಿದ್ದವೋ ಅಲ್ಲಲ್ಲೇ ಜೋಡಿಸಿ. ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಹಾಕಿ ಸಾವಿರ ರೂಪಾಯಿ ಉಳಿಸಲು ಹೋಗಬೇಡಿ, ಹೊಸದು ರೂಢಿಯಾಗುವವರೆಗೆ ಅದು ಮನೆಯಲ್ಲೇ ಚಾರ್ಜ್ ಆಗಿರಲಿ. ಹಬ್ಬಕ್ಕೆ ಬಂದವರು ಹೊರಡುವ ಗಡಿಬಿಡಿಯಲ್ಲಿ ಕಲಿಸಲು ಕೂರುವ ಬದಲು, ಬಂದ ದಿನವೇ ಕೂರಿ.